ಪದವಿಯೋ, ವೃತ್ತಿ ಪರೀಕ್ಷೆಯೋ?
(ಹಣಕಾಸಿನ ಕ್ಷೇತ್ರಕ್ಕೆ ಹೊರಟ ನಮ್ಮ ತರುಣರಿಗೆ)

ಕಳೆದ ತಿಂಗಳು ಒಂದು ಸಂಜೆ ತರುಣನೊಬ್ಬನು ನಮ್ಮ ಕಾರ್ಯಾಲಯಕ್ಕೆ ಬಂದಿದ್ದನು. ಮುಂಜಾನೆ ಕಾಲೇಜು, ಹಗಲೂ ರಾತ್ರಿಯೂ ಹೋಟೆಲಿನ ಗಲ್ಲಾಪೆಟ್ಟಿಗೆ, ಹೀಗೆ ಮೂರು ವರ್ಷ ದುಡಿದು ಬಿ.ಕಾಂ. ತೇರ್ಗಡೆಯಾದವನು. ಅವನ ಕೈಯಲ್ಲಿ ಖಾಸಗಿ ಕಾಲೇಜೊಂದರ ಎಂ.ಬಿ.ಎ. ಪ್ರವೇಶಪತ್ರವಿದ್ದಿತು. ಶುಲ್ಕ ಹಲವು ಲಕ್ಷ. ಊರಿನಲ್ಲಿರುವ ಅಣ್ಣನು ತೋಟವನ್ನು ಅಡವಿಡಲು ಸಿದ್ಧನಾಗಿದ್ದಾನೆ. "ಎಂ.ಬಿ.ಎ.ಗೆ ಸೇರಲೋ, ಚಾರ್ಟರ್ಡ್ ಅಕೌಂಟೆಂಟ್ ಪರೀಕ್ಷೆಗೆ ಕೂರಲೋ?" ಎಂಬುದು ಅವನ ಪ್ರಶ್ನೆ.

ಎಸ್.ಎಸ್.ಎಲ್.ಸಿ.ಯಲ್ಲಿಯೇ ಓದು ನಿಲ್ಲಿಸಿದ ನಾನು ಇದಕ್ಕೆ ಉತ್ತರ ಹೇಳಲು ಎಷ್ಟರವನು? ಆದರೂ ಹೋಟೆಲು ನಡೆಸಿದ ಕಾಲದ ಒಂದು ಅನುಭವವು ನೆನಪಿಗೆ ಬಂದಿತು. ಸಾಲಕ್ಕಾಗಿ ಬ್ಯಾಂಕಿಗೆ ಹೋಗಿದ್ದೆ. ನಮ್ಮಲ್ಲಿದ್ದ ಬಿ.ಕಾಂ. ಗುಮಾಸ್ತನು ಆಸ್ತಿ-ಹೊಣೆಗಳ ಪಟ್ಟಿಯನ್ನು ಒಂದು ಪೈಸೆಯೂ ತಪ್ಪದಂತೆ ಬರೆದುಕೊಟ್ಟಿದ್ದನು. ವ್ಯವಸ್ಥಾಪಕರು ಅದನ್ನು ನೋಡಿ, "ಲೆಕ್ಕ ಚೆನ್ನಾಗಿದೆ, ಆದರೆ ಚಾರ್ಟರ್ಡ್ ಅಕೌಂಟೆಂಟರ ಸಹಿ ಎಲ್ಲಿ?" ಎಂದರು. ಗುಮಾಸ್ತನಿಗೆ ಜ್ಞಾನವಿತ್ತು, ಸಹಿಯ ಅಧಿಕಾರವಿರಲಿಲ್ಲ. ಪದವಿಗೂ ವೃತ್ತಿ ಪರೀಕ್ಷೆಗೂ ಇರುವ ಮುಖ್ಯ ಅಂತರವನ್ನು ನಾನು ಅಂದು ತಿಳಿದುಕೊಂಡೆನು.

1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆಯ ಪ್ರಕಾರ ಆ ವರ್ಷದ ಜುಲೈ 1ರಂದು ಈ ವೃತ್ತಿಯ ಸಂಸ್ಥೆಯು ಅಸ್ತಿತ್ವಕ್ಕೆ ಬಂದಿತು. ಕಂಪನಿಗಳ ಲೆಕ್ಕವನ್ನು ತಪಾಸಣೆ ಮಾಡಿ ಸಹಿ ಹಾಕುವ ಹಕ್ಕನ್ನು 2013ರ ಕಂಪನಿ ಕಾಯಿದೆಯು ಇದರ ಸದಸ್ಯರಿಗೆ ಮಾತ್ರ ಕೊಟ್ಟಿದೆ. ಉತ್ಪಾದನಾ ವೆಚ್ಚದ ಲೆಕ್ಕಿಗರಿಗೆ 1959ರ ಕಾಯಿದೆ, ಕಂಪನಿ ಕಾರ್ಯದರ್ಶಿಗಳಿಗೆ 1980ರ ಕಾಯಿದೆ ಇವೆ. ಎಷ್ಟೇ ದೊಡ್ಡ ಕಾಲೇಜಿನ ಎಂ.ಬಿ.ಎ. ಆದರೂ ಈ ಹಕ್ಕುಗಳನ್ನು ಕೊಡಲಾರದು.

ಹಾಗೆಂದು ಎಂ.ಬಿ.ಎ. ವ್ಯರ್ಥವೆಂದು ನಾವು ಹೇಳುವುದಿಲ್ಲ. ಹಣ ಹೂಡಿಕೆ, ಬ್ಯಾಂಕುಗಳ ಮೇಲಧಿಕಾರ, ಕಂಪನಿಗಳ ಆಡಳಿತ ಇವುಗಳಿಗೆ ಅದು ಹೆದ್ದಾರಿಯೇ ಸರಿ. ಆದರೆ ಅಲ್ಲಿ ಬೆಲೆಯಿರುವುದು ಪದವಿಯ ಹೆಸರಿಗಿಂತ ಹೆಚ್ಚಾಗಿ ಅದನ್ನು ಕೊಟ್ಟ ಸಂಸ್ಥೆಗೆ. 1961ರಲ್ಲಿ ಕಲಕತ್ತೆ ಮತ್ತು ಅಹಮದಾಬಾದಿನಲ್ಲಿಯೂ, 1973ರಲ್ಲಿ ಬೆಂಗಳೂರಿನಲ್ಲಿಯೂ ಸ್ಥಾಪನೆಯಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟುಗಳು ಬಹುಕಾಲ ಕೊಡುತ್ತಿದ್ದುದು ಡಿಪ್ಲೊಮಾ ಮಾತ್ರ. 2017ರ ಕಾಯಿದೆ ಬಂದ ಮೇಲೆಯೇ ಅವುಗಳಿಗೆ ಪದವಿ ಕೊಡುವ ಅಧಿಕಾರ ದೊರೆಯಿತು. ಆದರೂ ಕಂಪನಿಗಳು ಅಲ್ಲಿಯ ಬಾಗಿಲಲ್ಲಿ ಕಾದು ನಿಂತವು. ಅಂಥ ಸಂಸ್ಥೆಗಳ ಶುಲ್ಕ ಇಂದು ಇಪ್ಪತ್ತು ಲಕ್ಷವನ್ನು ಮೀರಿದೆಯಾದರೂ ಕಲಿತವನು ಸಾಲ ತೀರಿಸಬಲ್ಲನು. ಹೆಸರಿಲ್ಲದ ಕಾಲೇಜಿಗೆ ತೋಟವನ್ನು ಒತ್ತೆಯಿಟ್ಟವನ ಪಾಡು ಬೇರೆ. ಹಿಂದಿನ ವರ್ಷ ಅಲ್ಲಿ ಓದಿದವರು ಈಗ ಎಲ್ಲಿದ್ದಾರೆ, ಎಷ್ಟು ಸಂಬಳ ಪಡೆಯುತ್ತಿದ್ದಾರೆ ಎಂದು ಅವರನ್ನೇ ಕೇಳಿ ತಿಳಿಯದೆ ಶುಲ್ಕ ಕಟ್ಟಬಾರದು.

ಇನ್ನು ಸಿ.ಎ. ಮಾರ್ಗ. ಇಲ್ಲಿ ಸಂಸ್ಥೆಗೆ ಕಟ್ಟುವ ಒಟ್ಟು ಹಣ ಸುಮಾರು ಒಂದು ಲಕ್ಷ ರೂಪಾಯಿಯ ಆಸುಪಾಸು. ಖಾಸಗಿ ಪಾಠದ ಖರ್ಚು ಬೇರೆ. ಹಣ ಕಡಿಮೆಯಾದರೂ ತೆರಬೇಕಾದ ವರ್ಷಗಳು ಹೆಚ್ಚು. ಪ್ರತಿ ಪತ್ರಿಕೆಯಲ್ಲಿ ನೂರಕ್ಕೆ 40, ಒಟ್ಟಿನಲ್ಲಿ ನೂರಕ್ಕೆ 50 ಅಂಕ ಬರಬೇಕು. ಅಂತಿಮ ಪರೀಕ್ಷೆಯ ಎರಡೂ ಗುಂಪುಗಳಿಗೆ ಒಮ್ಮೆಗೇ ಕುಳಿತವರಲ್ಲಿ ಗೆಲ್ಲುವವರು ಕೆಲವರೇ. ಮಧ್ಯಮ ಪರೀಕ್ಷೆಯ ಬಳಿಕ ಲೆಕ್ಕ ತಪಾಸಣೆಗಾರರ ಕಚೇರಿಯಲ್ಲಿ ತರಬೇತಿ ಕಡ್ಡಾಯ. ಮೊದಲು ಮೂರು ವರ್ಷವಿದ್ದ ಈ ಅವಧಿ 2023ರ ಹೊಸ ಕ್ರಮದಿಂದ ಎರಡು ವರ್ಷಕ್ಕೆ ಇಳಿದಿದೆ. ಆ ಎರಡು ವರ್ಷ ಹಗಲೆಲ್ಲ ಅಲ್ಲಿಯೇ ದುಡಿಯಬೇಕು. ಸಿಗುವ ಭತ್ಯೆ ಅಲ್ಪ. ಊರಿಗೆ ತಿಂಗಳು ತಿಂಗಳು ಹಣ ಕಳುಹಿಸಬೇಕಾದ ನಮ್ಮ ಹುಡುಗರು ಎಡವುವುದು ಬಹುಮಟ್ಟಿಗೆ ಇಲ್ಲಿಯೇ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ವೃತ್ತಿ ಪರೀಕ್ಷೆಯ ಆಸೆಯಿಂದ ಬಿ.ಕಾಂ.ಅನ್ನು ಯಾರೂ ಬಿಡಬಾರದು. ಅರ್ಧ ದಾರಿಯಲ್ಲಿ ಸಿ.ಎ. ನಿಂತುಹೋದರೆ, ಪದವಿಯಿಲ್ಲದವನು ಹನ್ನೆರಡನೆಯ ತರಗತಿಯವನಾಗಿಯೇ ಉಳಿಯುತ್ತಾನೆ. ಪದವಿಯಿದ್ದವನಿಗೆ ಕಾಲಿನ ಕೆಳಗೆ ನೆಲವಿರುತ್ತದೆ. ವಾಣಿಜ್ಯ ಪದವಿಯಲ್ಲಿ ನೂರಕ್ಕೆ 55 ಅಂಕ ಪಡೆದವನಿಗೆ ಸಿ.ಎ. ಪ್ರವೇಶ ಪರೀಕ್ಷೆಯ ವಿನಾಯಿತಿಯೂ ಉಂಟು. ಅವನು ನೇರವಾಗಿ ಮಧ್ಯಮ ಪರೀಕ್ಷೆಗೆ ಓದಬಹುದು.

ಬ್ಯಾಂಕಿನಲ್ಲಿ ಗುಮಾಸ್ತರಾಗಿರುವ ಬಂಧುಗಳು ಇಷ್ಟು ದೂರ ಹೋಗಬೇಕಾಗಿಲ್ಲ. 1928ರಲ್ಲಿ ಸ್ಥಾಪನೆಯಾದ ಬ್ಯಾಂಕರುಗಳ ಸಂಸ್ಥೆಯು ನಡೆಸುವ ಜೆ.ಎ.ಐ.ಐ.ಬಿ. ಮತ್ತು ಸಿ.ಎ.ಐ.ಐ.ಬಿ. ಪರೀಕ್ಷೆಗಳನ್ನು ಕೆಲಸದಲ್ಲಿದ್ದುಕೊಂಡೇ ಬರೆಯಬಹುದು. ಸಂಬಳದಲ್ಲಿ ಹೆಚ್ಚಳ ದೊರೆಯುವುದಲ್ಲದೆ ಬಡ್ತಿಗೂ ಅನುಕೂಲ.

ಬಂದಿದ್ದ ತರುಣನಿಗೆ ಬಿ.ಕಾಂ.ನಲ್ಲಿ 61 ಅಂಕಗಳಿದ್ದವು. "ಗಲ್ಲಾಪೆಟ್ಟಿಗೆಯನ್ನು ಈಗಲೇ ಬಿಡಬೇಡ. ಮಧ್ಯಮ ಪರೀಕ್ಷೆಯವರೆಗೆ ಕೆಲಸದಲ್ಲಿದ್ದೇ ಓದು. ತರಬೇತಿಯ ಎರಡು ವರ್ಷಕ್ಕಾಗಿ ಇಂದಿನಿಂದಲೇ ಹಣ ಕೂಡಿಡು. ಎರಡು ಮೂರು ಬಾರಿ ಕುಳಿತೂ ಆಗದಿದ್ದರೆ ಪದವಿಯೂ ಕೆಲಸವೂ ನಿನ್ನ ಕೈಯಲ್ಲಿಯೇ ಇರುತ್ತವೆ, ತೋಟವೂ ಇರುತ್ತದೆ" ಎಂದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, "ಸಾಹುಕಾರರು ಓದಲು ಬಿಡುವು ಕೊಡುತ್ತಾರೆಯೇ?" ಎಂದು ಕೇಳಿದನು. ಅದಕ್ಕೆ ಉತ್ತರ ನನ್ನಲ್ಲಿರಲಿಲ್ಲ.

ಅದನ್ನು ನಮ್ಮ ಹೋಟೆಲು ಮಾಲಕರೇ ಕೊಡಬೇಕು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತ ಹೋಟೆಲು ಹುಡುಗರು ಕಚೇರಿಗಳ ಕುರ್ಚಿ ಏರಿದ್ದು ಮಾಲಕರು ಬಿಡುವು ಕೊಟ್ಟುದರಿಂದಲೇ. ಪರೀಕ್ಷೆಗೆ ಓದುವ ಹುಡುಗನಿಗೆ ದಿನಕ್ಕೆ ಎರಡು ಗಂಟೆ, ಪರೀಕ್ಷೆಯ ಮುಂಚೆ ಒಂದು ತಿಂಗಳು ರಜೆ ಕೊಟ್ಟರೆ ಯಾವ ಹೋಟೆಲೂ ಮುಳುಗುವುದಿಲ್ಲ. ತೋಟದ ಕಾಗದಗಳು ಸದ್ಯ ಪೆಟ್ಟಿಗೆಯಲ್ಲಿಯೇ ಇರಲಿ ಎಂದು ಆ ತರುಣನು ಅಣ್ಣನಿಗೆ ಫೋನು ಮಾಡಿದನೆಂದು ಮೊನ್ನೆ ತಿಳಿಯಿತು. ಬಿಡುವಿನ ಮಾತು ಇನ್ನೂ ಇತ್ಯರ್ಥವಾಗಿಲ್ಲ.