ಮಾಗಡಿ ಸೀಮೆಯ ಜಲಾಶಯಗಳ ಹೂಳು ಮತ್ತು ಸಾರಜನಕ ಚಕ್ರ

ಸಾರಜನಕ ಚಕ್ರದ ವಿವರಣೆಯು ಸಾಮಾನ್ಯವಾಗಿ ದ್ವಿದಳ ಸಸ್ಯಗಳ ಬೇರುಗಂಟುಗಳಿಂದ ಆರಂಭವಾಗುತ್ತದೆ. ವಾಯುಮಂಡಲದ ಸಾರಜನಕವು ನೆಲವನ್ನು ಸೇರುವ ಬಗೆ ಇದರಿಂದ ತಿಳಿಯುತ್ತದೆ. ಅದು ಮರಳಿ ವಾಯುವನ್ನು ಸೇರುವ ಬಗೆ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳದು. ಈ ಕಾರ್ಯದ ಗಣನೀಯ ಭಾಗ ನಡೆಯುವುದು ನೀರಿನಡಿಯ ಹೂಳಿನಲ್ಲಿ. ನದಿಯು ಕಡಲನ್ನು ಸೇರುವ ಅಳಿವೆಗಳು ಇದಕ್ಕೆ ಹೆಸರಾಗಿದ್ದರೂ, ಒಳನಾಡಿನ ಕೆರೆ, ಜಲಾಶಯಗಳ ತಳದಲ್ಲಿಯೂ ಇವೇ ಕ್ರಿಯೆಗಳು ಜರುಗುತ್ತವೆ.

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯನ್ನು ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿ ಕೂಡುವಲ್ಲಿ, ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿಯಲ್ಲಿ, 1933ರಲ್ಲಿ ಚಾಮರಾಜಸಾಗರ ಜಲಾಶಯವು ಸಿದ್ಧವಾಯಿತು. ಬೆಂಗಳೂರು ದಶಕಗಳ ಕಾಲ ಕುಡಿದದ್ದು ಈ ನೀರನ್ನು. ಅದರ ಕೆಳಗೆ ಮಂಚನಬೆಲೆ ಜಲಾಶಯವಿದೆ.

ತಳಕ್ಕಿಳಿದ ಎಲೆ, ಪಾಚಿ, ಕೊಚ್ಚೆಗಳು ಕೊಳೆತಾಗ ಅಮೋನಿಯಂ ಬಿಡುಗಡೆಯಾಗುತ್ತದೆ. ಜೈವಿಕಾಂಶ ಹೆಚ್ಚಿರುವ ಹೂಳಿನಲ್ಲಿ ಆಮ್ಲಜನಕವು ಮೇಲಿನ ಕೆಲವೇ ಮಿಲಿಮೀಟರುಗಳವರೆಗೆ ಮಾತ್ರ ಇಳಿಯಬಲ್ಲದು. ಆ ತೆಳುಪದರದಲ್ಲಿ ನೈಟ್ರೋಸೊಮೊನಾಸ್ ಮೊದಲಾದ ಬ್ಯಾಕ್ಟೀರಿಯಾಗಳು ಅಮೋನಿಯಂ ಅನ್ನು ನೈಟ್ರೈಟ್ ಆಗಿಯೂ, ಬೇರೆ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಇದೇ ನೈಟ್ರೀಕರಣ. ನೈಟ್ರೇಟ್ ಆಮ್ಲಜನಕವಿಲ್ಲದ ಕೆಳಪದರಕ್ಕೆ ಜಿನುಗಿದಾಗ ಅಲ್ಲಿನ ಜೀವಿಗಳು ಉಸಿರಾಟಕ್ಕೆ ಆಮ್ಲಜನಕದ ಬದಲು ಅದನ್ನೇ ಬಳಸಿ ಸಾರಜನಕ ಅನಿಲವನ್ನು ಹೊರಬಿಡುತ್ತವೆ. ಇದು ವಿನೈಟ್ರೀಕರಣ. ನೈಟ್ರೀಕರಣವು ಬ್ಯಾಕ್ಟೀರಿಯಾಗಳ ಕೆಲಸವೆಂಬ ಬಹುಕಾಲದ ತಿಳಿವಳಿಕೆ 2005ರಲ್ಲಿ ಬದಲಾಯಿತು. ಅಮೋನಿಯಾವನ್ನು ಉತ್ಕರ್ಷಿಸುವ ಆರ್ಕಿಯಾ ಜೀವಿಯನ್ನು ಆ ವರ್ಷ ಪ್ರತ್ಯೇಕಿಸಲಾಯಿತು. ಎರಡೂ ಹಂತಗಳನ್ನು ಒಂದೇ ಜೀವಿ ಪೂರೈಸಬಲ್ಲದೆಂಬುದು ಖಚಿತವಾದದ್ದು 2015ರಲ್ಲಿ.

ಹೀಗೆ ಶುದ್ಧೀಕರಣವು ಎರಡು ಪದರಗಳ ಸಾಮೀಪ್ಯವನ್ನು ಅವಲಂಬಿಸಿದೆ. ಕೊಚ್ಚೆನೀರಿನ ಪ್ರಮಾಣ ಮಿತಿಮೀರಿದಾಗ ಮೇಲಿನ ಪದರದ ಆಮ್ಲಜನಕವೂ ತೀರಿಹೋಗಿ ನೈಟ್ರೀಕರಣ ನಿಲ್ಲುತ್ತದೆ. ನೈಟ್ರೇಟ್ ಒದಗದೆ ಕೆಳಗಿನ ಕ್ರಿಯೆಯೂ ಕುಂಠಿತವಾಗಿ ಅಮೋನಿಯಂ ನೀರಿನಲ್ಲಿಯೇ ಉಳಿಯುತ್ತದೆ. ಹೊರೆ ಹೆಚ್ಚಿದಾಗಲೇ ಹೂಳು ಕೈಚೆಲ್ಲುತ್ತದೆ ಎಂಬುದು ಗಮನಾರ್ಹ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕವು ವಿಧಿಸಿದೆ. ಆದರೆ ಉಸಿರುಗಟ್ಟಿದ ಜಲಾಶಯದಲ್ಲಿ ನೈಟ್ರೇಟ್ ಕಡಿಮೆಯೇ ಇರಬಹುದು. ಅದನ್ನು ಶುದ್ಧತೆಯ ಲಕ್ಷಣವೆಂದು ಭಾವಿಸುವುದು ತಪ್ಪಾಗುತ್ತದೆ. ಅಮೋನಿಯಂ ಮತ್ತು ತಳದ ಆಮ್ಲಜನಕಗಳನ್ನು ಜೊತೆಯಲ್ಲಿಯೇ ಅಳೆಯಬೇಕು.

ತಿಪ್ಪಗೊಂಡನಹಳ್ಳಿಯ ಜಲಾನಯನ ಪ್ರದೇಶದ ರಕ್ಷಣೆಗೆ ಸರ್ಕಾರವು 2003ರಲ್ಲಿ ಅಧಿಸೂಚನೆ ಹೊರಡಿಸಿತ್ತು. ಆದಾಗ್ಯೂ ಮಾಲಿನ್ಯದ ಕಾರಣದಿಂದ 2012ರಲ್ಲಿ ನಗರಕ್ಕೆ ಅಲ್ಲಿಂದ ನೀರು ಪೂರೈಕೆಯನ್ನು ನಿಲ್ಲಿಸಲಾಯಿತು. ವೃಷಭಾವತಿಯ ಕೊಳಕನ್ನು ಹೊತ್ತ ಬೈರಮಂಗಲ ಕೆರೆಯ ಸ್ಥಿತಿ ಇನ್ನೂ ಶೋಚನೀಯ.

ಅಳಿವೆಗೂ ಈ ಸೀಮೆಯ ಕೆರೆಗಳಿಗೂ ಒಂದು ಮುಖ್ಯ ಭೇದವಿದೆ. ಅಳಿವೆಯ ಅಂಚಿನ ಕೆಸರು ಉಬ್ಬರವಿಳಿತಗಳಿಂದ ದಿನಕ್ಕೆರಡು ಬಾರಿ ಮುಳುಗಿ ತೆರೆದುಕೊಳ್ಳುತ್ತದೆ. ಕೆರೆಯಂಗಳಕ್ಕೆ ಈ ಅವಕಾಶ ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ. ಆಗ ಬಿರುಕುಬಿಟ್ಟ ಹೂಳಿನೊಳಕ್ಕೆ ಗಾಳಿ ಹೊಕ್ಕು ಅಮೋನಿಯಂ ನೈಟ್ರೇಟ್ ಆಗುತ್ತದೆ. ಮುಂಗಾರಿನ ಹೊಸನೀರು ನಿಂತೊಡನೆ ವಿನೈಟ್ರೀಕರಣ ಭರದಿಂದ ನಡೆದು, ಭೂತಾಪಕ್ಕೆ ಕಾರಣವಾಗುವ ನೈಟ್ರಸ್ ಆಕ್ಸೈಡ್ ಕೂಡ ಹೊರಬೀಳಬಹುದು. ಬೇಸಿಗೆಯಲ್ಲಿ ಕೆರೆಗೋಡನ್ನು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುತ್ತಿದ್ದ ರೈತರು ಈ ಸಾರಜನಕದ ಒಂದು ಪಾಲನ್ನು ಬೆಳೆಗೆ ತಿರುಗಿಸುತ್ತಿದ್ದರು. ಕೈಗಾರಿಕಾ ತ್ಯಾಜ್ಯ ಸೇರಿರುವ ಕೆರೆಗಳ ಗೋಡನ್ನು, ಭಾರಲೋಹಗಳ ಪರೀಕ್ಷೆಯಾಗದೆ, ಹಾಗೆ ಬಳಸುವಂತಿಲ್ಲ.