ತೀರ್ಪಿನಲ್ಲಿ ಕಾರಣ ಯಾಕೆ ಬರೆಯುತ್ತಾರೆ?



ಕೋರ್ಟು ಅಂದ ಕೂಡಲೇ ನಮಗೆಲ್ಲ ಸಿನಿಮಾ ನೆನಪಾಗುತ್ತದೆ. ಜಡ್ಜ್ ಸಾಹೇಬರು ಸುತ್ತಿಗೆ ಕುಟ್ಟಿ 'ಆರ್ಡರ್ ಆರ್ಡರ್' ಅನ್ನುತ್ತಾರೆ. ಒಂದೇ ಮಾತಿನಲ್ಲಿ ಶಿಕ್ಷೆ ಹೇಳಿ ಎದ್ದು ಹೋಗುತ್ತಾರೆ. ಆದರೆ ನಿಜವಾದ ಕೋರ್ಟಿನಲ್ಲಿ ಹಾಗೆ ಮುಗಿಸೋ ಹಾಗಿಲ್ಲ. ಶಿಕ್ಷೆ ಕೊಟ್ಟರೂ ಸರಿ, ಬಿಡುಗಡೆ ಮಾಡಿದರೂ ಸರಿ, ಯಾಕೆ ಅಂತ ಕಾರಣ ಬರೆಯಬೇಕು.

ಈ ನಿಯಮ ಮೊದಲು 1973ರ ದಂಡ ಪ್ರಕ್ರಿಯಾ ಸಂಹಿತೆಯ 354ನೇ ಕಲಮಿನಲ್ಲಿ ಇತ್ತು. 2024ರ ಜುಲೈ 1ರಿಂದ ಅದರ ಬದಲಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಿದೆ. ಅದರಲ್ಲಿ ಇದು 393ನೇ ಕಲಮು. ಅದರ ಪ್ರಕಾರ ತೀರ್ಪಿನಲ್ಲಿ ಮುಖ್ಯವಾಗಿ ಮೂರು ವಿಷಯ ಇರಬೇಕು:

1. ತೀರ್ಮಾನ ಮಾಡಬೇಕಾದ ಪ್ರಶ್ನೆಗಳು ಯಾವುವು?
2. ಅವಕ್ಕೆ ಕೋರ್ಟು ಕೊಡುವ ಉತ್ತರ ಏನು?
3. ಆ ಉತ್ತರಕ್ಕೆ ಕಾರಣ ಏನು?

ಇದು ನಮ್ಮ ಲೆಕ್ಕದ ಹಾಗೇ. ಉತ್ತರ ಮಾತ್ರ ಬರೆದರೆ ಮೇಷ್ಟ್ರು ಪೂರ್ತಿ ಅಂಕ ಕೊಡೋದಿಲ್ಲ. 'ಕ್ರಮ ಎಲ್ಲಿ?' ಅಂತ ಕೇಳುತ್ತಾರೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬ ರೈತನ ಕೊಟ್ಟಿಗೆಯಿಂದ ಮೇಕೆ ಕಳುವಾಯಿತು. ಪಕ್ಕದೂರಿನವನು ಕದ್ದ ಅಂತ ಪೊಲೀಸರು ಕೇಸು ಹಾಕಿದರು. ನ್ಯಾಯಾಧೀಶರು ತೀರ್ಪಿನಲ್ಲಿ ಮೊದಲು ಪೊಲೀಸರು ಹೇಳುವ ಕಥೆ ಬರೆಯುತ್ತಾರೆ. ಆಮೇಲೆ ಪ್ರಶ್ನೆಗಳು: ಮೇಕೆ ಕಳುವಾಗಿದ್ದು ನಿಜವೇ? ಕದ್ದವನು ಈ ಆರೋಪಿಯೇ? ಆಮೇಲೆ ಒಬ್ಬೊಬ್ಬ ಸಾಕ್ಷಿ ಹೇಳಿದ್ದನ್ನೂ ತೂಗಿ ನೋಡುತ್ತಾರೆ. ರೈತ ಮೇಕೆ ತನ್ನದು ಅಂದ, ಆದರೆ ಕಳ್ಳನನ್ನು ನೋಡಿಲ್ಲ. ಪಕ್ಕದ ಮನೆಯವನು ಆರೋಪಿಯನ್ನು ನೋಡಿದೆ ಅಂದ. ಆದರೆ ವಕೀಲರು ಕೇಳಿದಾಗ ಆವತ್ತು ಕರೆಂಟು ಇರಲಿಲ್ಲ, ಕತ್ತಲಿತ್ತು ಅಂತ ಒಪ್ಪಿಕೊಂಡ. ಮಹಜರಿಗೆ ಸಹಿ ಹಾಕಿದ ಪಂಚರು ಇಬ್ಬರೂ 'ನಮ್ಮ ಎದುರಿಗೆ ಮೇಕೆ ಸಿಗಲಿಲ್ಲ, ಸ್ಟೇಷನ್ನಿನಲ್ಲಿ ಸಹಿ ಹಾಕಿಸಿಕೊಂಡರು' ಅಂದುಬಿಟ್ಟರು.

ಈಗ ಮೊದಲನೇ ಪ್ರಶ್ನೆಗೆ ಉತ್ತರ 'ಹೌದು'. ಎರಡನೆಯದಕ್ಕೆ 'ರುಜುವಾತಾಗಿಲ್ಲ'. ಆರೋಪಿಗೆ ಸಂಶಯದ ಲಾಭ ಕೊಟ್ಟು ಬಿಡುಗಡೆ ಮಾಡುತ್ತಾರೆ. ಬರೀ 'ಬಿಡುಗಡೆ' ಅಂತ ಕೇಳಿದವರು ದುಡ್ಡು ತಿಂದಿರಬೇಕು ಅಂತಾರೆ. ಕಾರಣ ಓದಿದವರಿಗೆ ಎಲ್ಲಿ ಸಾಕ್ಷಿ ಸಾಲಲಿಲ್ಲ ಅಂತ ಗೊತ್ತಾಗುತ್ತದೆ.

ಕಾರಣ ಬರೆಯೋದು ಯಾರಿಗಾಗಿ? ಮೊದಲನೆಯದಾಗಿ ಆರೋಪಿಗಾಗಿ. ತೀರ್ಪನ್ನು ಗುಟ್ಟಾಗಿ ಹೇಳೋ ಹಾಗಿಲ್ಲ, ತೆರೆದ ನ್ಯಾಯಾಲಯದಲ್ಲಿ ಹೇಳಬೇಕು. ವಿಚಾರಣೆ ಮುಗಿದ ಮೇಲೆ 45 ದಿನದ ಒಳಗೆ ಹೇಳಬೇಕು ಅಂತ ಹೊಸ ಕಾನೂನು ಹೇಳುತ್ತದೆ. ಜೈಲು ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿಯನ್ನು ಕೂಡಲೇ ಉಚಿತವಾಗಿ ಕೊಡಬೇಕು. ಅವನು ಬಡವ ಆಗಿದ್ದರೂ ಅದಕ್ಕೆ ಒಂದು ಪೈಸೆ ಕೊಡಬೇಕಾಗಿಲ್ಲ.

ಎರಡನೆಯದಾಗಿ ಮೇಲಿನ ಕೋರ್ಟಿಗಾಗಿ. ಮ್ಯಾಜಿಸ್ಟ್ರೇಟರು ಕೊಟ್ಟ ಶಿಕ್ಷೆ ತಪ್ಪು ಅನ್ನಿಸಿದರೆ ಸೆಷನ್ಸ್ ಕೋರ್ಟಿಗೆ ಅಪೀಲು ಹೋಗಬಹುದು. ಅಲ್ಲಿ ಸಾಮಾನ್ಯವಾಗಿ ಸಾಕ್ಷಿಗಳನ್ನು ಮತ್ತೆ ಕರೆಸೋದಿಲ್ಲ, ಕಾಗದಪತ್ರ ಓದಿ ನೋಡುತ್ತಾರೆ. ಕೆಳಗಿನವರು ಕಾರಣವನ್ನೇ ಬರೆಯದಿದ್ದರೆ ಯಾವುದು ತಪ್ಪು ಅಂತ ಹೇಗೆ ಹುಡುಕೋದು?

ಮೂರನೆಯದು ನನಗೆ ಬಹಳ ಹಿಡಿಸಿತು. ಬರೆಯುವಾಗ ನ್ಯಾಯಾಧೀಶರಿಗೇ ಅದು ಒಂದು ಪರೀಕ್ಷೆ. 'ನೋಡಿದರೆ ಕಳ್ಳನ ಹಾಗೆ ಕಾಣ್ತಾನೆ' ಅಂತ ತೀರ್ಪಿನಲ್ಲಿ ಬರೆಯೋಕೆ ಆಗುತ್ತದೆಯೇ? ಹೊರಗೆ ಜನ ಹೇಳಿದ್ದನ್ನು ಕಾರಣ ಮಾಡೋಕೂ ಆಗೋದಿಲ್ಲ.

ಶಿಕ್ಷೆ ದೊಡ್ಡದಾದಷ್ಟೂ ಕಾರಣವೂ ಗಟ್ಟಿ ಇರಬೇಕು. ಮರಣದಂಡನೆಗೆ 'ವಿಶೇಷ ಕಾರಣ' ಬರೆಯಬೇಕು. 1980ರಲ್ಲಿ ಬಚ್ಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಗಲ್ಲು ಎಂದು ಹೇಳಿತು. ಸೆಷನ್ಸ್ ಕೋರ್ಟು ಗಲ್ಲು ಶಿಕ್ಷೆ ಕೊಟ್ಟರೂ ಹೈಕೋರ್ಟು ಅದನ್ನು ಖಾಯಂ ಮಾಡುವ ತನಕ ಜಾರಿ ಮಾಡೋ ಹಾಗಿಲ್ಲ. ಹೋದ ಜೀವ ಮತ್ತೆ ಬರೋದಿಲ್ಲವಲ್ಲ!

'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಅಂತ ನಮ್ಮ ಹಿರಿಯರು ಹೇಳಿದ್ದಾರೆ. ನಾವು ಮಾತ್ರ ಕಾಣದೇ ಇದ್ದರೂ ತೀರ್ಪು ಕೊಟ್ಟುಬಿಡುತ್ತೇವೆ. ಕೋರ್ಟು ಕಾರಣ ಬರೆದು ಬಿಟ್ಟ ಮೇಲೂ ಊರಲ್ಲಿ ಅವರನ್ನು ಕಳ್ಳ ಅಂತಲೇ ಕರೆಯುತ್ತಾರೆ. ಶಾಲೆಯಲ್ಲಿ ಅವರ ಮಕ್ಕಳನ್ನು 'ಕಳ್ಳನ ಮಗ' ಅಂತ ರೇಗಿಸುತ್ತಾರೆ. ಹಾಗೆ ಅನ್ನುವವರನ್ನು ಒಂದೇ ಒಂದು ಮಾತು ಕೇಳಿ: 'ಕಾರಣ ಏನು? ಬರೆದು ಕೊಡು.'

— 7ನೇ ತರಗತಿ