ಬಕೆಟ್ ಒದ್ದವರೂ ಕೈಕೊಟ್ಟ ಮಳೆಯೂ

ಊರಲ್ಲಿ ಯಾರಾದರೂ ಹೋದರೆ ಯಾವ ಮಾತನ್ನು ಎಲ್ಲಿ ಆಡಬೇಕು ಎಂಬುದು ಮಂಡ್ಯ ತಾಲ್ಲೂಕಿನ ದುದ್ದದ ಹತ್ತು ವರ್ಷದ ಹುಡುಗನಿಗೂ ಗೊತ್ತು. ಸಾವಿನ ಮನೆ ಮುಂದೆ ‘ತೀರ್ಕೊಂಡ್ರಂತೆ’ ಎನ್ನುತ್ತಾನೆ. ಅರಳಿಕಟ್ಟೆ ಹರಟೆಯಲ್ಲಿ ಆಗದವನ ಸುದ್ದಿ ಬಂದರೆ ‘ಗೊಟಕ್ ಅಂದ’. ಅದಲುಬದಲಾದರೆ ಬೆನ್ನಿಗೆ ಬೀಳುತ್ತದೆ. ಇದನ್ನು ಅವನಿಗೆ ಯಾರೂ ಬರೆಸಿ ಕಲಿಸಿದ್ದಲ್ಲ.

ಅದೇ ಹುಡುಗ ಹೈಸ್ಕೂಲಿಗೆ ಬಂದು ಗೈಡು ತೆರೆದರೆ ‘ಕಿಕ್ ದಿ ಬಕೆಟ್ ಅಂದರೆ ಸಾಯು’ ಎಂದಿರುತ್ತದೆ. ಅಷ್ಟೇ. ಅದು ಇಂಗ್ಲಿಷಿನ ‘ಗೊಟಕ್’ ಎಂದು ಯಾರೂ ಹೇಳುವುದಿಲ್ಲ. ನಾಳೆ ಬೆಂಗಳೂರಿನ ಕಂಪನಿಯಲ್ಲಿ ಮೇಲಧಿಕಾರಿಯ ತಂದೆ ತೀರಿಕೊಂಡಾಗ ಸಂತಾಪದ ಪತ್ರದಲ್ಲಿ ಅದನ್ನೇ ಬರೆದರೆ ತಪ್ಪು ಹುಡುಗನದಲ್ಲ, ಪಟ್ಟಿಯದು.

ನಮ್ಮ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಶುರುವಾಗುತ್ತದೆ. ಅದಕ್ಕೂ ಹಿಂದಿನವರು ಎಬಿಸಿಡಿ ಕಂಡದ್ದು ಐದನೆಯದರಲ್ಲಿ. ನಾಲ್ಕು ವರ್ಷ ಮುಂಚೆ ಶುರುವಾಯಿತು, ಸರಿ. ನುಡಿಗಟ್ಟು ಮಾತ್ರ ಇನ್ನೂ ಅಂಕಕ್ಕಾಗಿ ಉರುಹೊಡೆಯುವ ಸರಕಾಗಿಯೇ ಉಳಿದಿದೆ. ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಇಂಗ್ಲಿಷರ ಬಾಯಲ್ಲೇ ಅಪರೂಪವಾಯಿತು. ನಮ್ಮ ಗೈಡುಗಳಲ್ಲಿ ಮಾತ್ರ ಆ ನಾಯಿ ಬೆಕ್ಕುಗಳ ಮಳೆ ನಿಂತಿಲ್ಲ.

ಮಳೆ ಎಂದಾಗ ನೆನಪಾಯಿತು. ‘ಈ ಸಲ ಮಳೆ ಕೈಕೊಡ್ತು’ ಎನ್ನುವ ರೈತನ ಮಗ ‘ಗಿವ್ ಮಿ ಎ ಹ್ಯಾಂಡ್’ ಕೇಳಿ ಗಾಬರಿಯಾದರೆ ಆಶ್ಚರ್ಯವಿಲ್ಲ. ನಮ್ಮಲ್ಲಿ ಕೈಕೊಟ್ಟವನು ಮೋಸಗಾರ, ಅಲ್ಲಿ ಉಪಕಾರಿ. ಆದರೆ ಮೂಗು ತೂರಿಸುವುದು, ಬೆನ್ನು ತಟ್ಟುವುದು ಎರಡೂ ಕಡೆ ಒಂದೇ. ಹೀಗೆ ಹೊಂದುವುದನ್ನೂ ಹೊಂದದ್ದನ್ನೂ ಎದುರುಬದುರು ಇಟ್ಟು ತೋರಿಸಿದರೆ ಮಕ್ಕಳು ನಗುತ್ತಲೇ ಕಲಿಯುತ್ತಾರೆ. ಕನ್ನಡ ಬಾಯಿಗೆ ಬಂದರೆ ಇಂಗ್ಲಿಷ್ ಕೆಡುತ್ತದೆ ಎನ್ನುವ ಮೇಷ್ಟ್ರುಗಳ ಮಾತನ್ನು ನಾನಂತೂ ಒಪ್ಪುವುದಿಲ್ಲ.

ಹುಟ್ಟಿದ ಕತೆ ಗೊತ್ತಾದರೆ ನುಡಿಗಟ್ಟು ಮರೆಯುವುದಿಲ್ಲ. 1858ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಎಚ್.ಎಚ್. ಸ್ಟೀಫನ್‌ಸನ್ ಎಂಬ ಬೌಲರ್ ಸತತ ಮೂರು ಎಸೆತಕ್ಕೆ ಮೂರು ವಿಕೆಟ್ ಕಿತ್ತ. ಜನ ಚಂದಾ ಎತ್ತಿ ಅವನಿಗೊಂದು ಹ್ಯಾಟು ಕೊಡಿಸಿದರು. ಅದೇ ಹ್ಯಾಟ್ರಿಕ್. ಶಿವರಾಜ್‌ಕುಮಾರ್ ‘ಹ್ಯಾಟ್ರಿಕ್ ಹೀರೊ’ ಆದದ್ದರಿಂದ ಅದು ಈಗ ದುದ್ದದ ಅಜ್ಜಿಯರಿಗೂ ಕನ್ನಡವೇ. ಆಫೀಸಿನ ‘ಟಚ್ ಬೇಸ್’, ‘ಬಾಲ್‌ಪಾರ್ಕ್ ಫಿಗರ್’ ಕಷ್ಟವಾಗುವುದೂ ಇದಕ್ಕೇ: ಅವು ನಾವು ಆಡದ ಬೇಸ್‌ಬಾಲ್ ಮೈದಾನದಿಂದ ಬಂದವು. ಮೊದಲನೆಯದಕ್ಕೆ ‘ಒಮ್ಮೆ ಮಾತಾಡೋಣ’, ಎರಡನೆಯದಕ್ಕೆ ‘ಅಂದಾಜು ಲೆಕ್ಕ’ ಎಂದರೆ ಮುಗಿಯಿತು.

ದುದ್ದದಂತೆ ಮಂಡ್ಯ ಜಿಲ್ಲೆಯದೇ ಆದ ಗಂಜಾಂನಲ್ಲಿ 1913ರಲ್ಲಿ ಹುಟ್ಟಿದ ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆ ವರ್ಷಗಟ್ಟಲೆ ಉತ್ತರ ಬರೆದರು. ಇಂಗ್ಲಿಷ್ ನುಡಿಗಟ್ಟಿನ ಬಗ್ಗೆಯೂ ಹಾಗೆ ಕೇಳುವ ಧೈರ್ಯ ನಮ್ಮ ಮಕ್ಕಳಿಗೆ ಬರಬೇಕು.

ಮೇಷ್ಟ್ರುಗಳೇ, ಮೇಡಂಗಳೇ, ಐವತ್ತು ನುಡಿಗಟ್ಟಿನ ಪಟ್ಟಿ ಬಿಡಿ. ವಾರಕ್ಕೆ ಎರಡು ಸಾಕು. ಅದನ್ನು ಯಾರು, ಯಾರಿಗೆ, ಯಾವಾಗ ಹೇಳುತ್ತಾರೆ, ಯಾರ ಮುಂದೆ ಹೇಳಬಾರದು ಎಂಬುದನ್ನೂ ಜೊತೆಗೇ ಹೇಳಿಕೊಡಿ.